ಹಿತ್ತಾಳೆಯ ಅರ್ಥಿಂಗ್ ಕ್ಲ್ಯಾಂಪ್: ಕಡಲ ಪಕ್ಕದವರು ಕೊಳ್ಳಬಹುದಾದ ಸಾಮಾನು

ಮನೆಗೆ ವೆಲ್ಡಿಂಗ್ ಮಷಿನ್ ತಂದವರೆಲ್ಲ ಮಷಿನ್ ಬಗ್ಗೆಯೇ ಮಾತಾಡುತ್ತಾರೆ. 200 ಆಂಪ್ಸ್ ಇದೆ, ಡಿಸ್‌ಪ್ಲೇ ಇದೆ, ಒಂದೇ ಕೈಯಲ್ಲಿ ಎತ್ತಬಹುದು ಅಂತ. ಅದರ ಜೊತೆ ಬರುವ ಅರ್ಥಿಂಗ್ ಕ್ಲ್ಯಾಂಪ್, ಅಂದರೆ ವೆಲ್ಡ್ ಮಾಡುವ ಕಬ್ಬಿಣಕ್ಕೆ ಕಚ್ಚಿಕೊಂಡು ವೆಲ್ಡಿಂಗ್ ರಾಡಿನ ಕರೆಂಟನ್ನು ಮಷಿನ್ನಿಗೆ ವಾಪಸ್ ಒಯ್ಯುವ ಹಿಡಿ, ಹೇಗಿದೆ ಅಂತ ಯಾರೂ ಕೇಳುವುದಿಲ್ಲ. ನಾನು ಬರೆಯುತ್ತಿರುವುದು ಅದರ ಬಗ್ಗೆ. ಸ್ಕ್ರೂ ತಿರುಗಿಸಿ ಬಿಗಿಯುವ ಹಿತ್ತಾಳೆ ಕ್ಲ್ಯಾಂಪ್. ಕಾರವಾರ ಪೇಟೆಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಐನೂರರ ಒಳಗೆ ಸಿಕ್ಕಿತು. ಯಾವ ಕಂಪನಿ ಅಂತ ಕೇಳಬೇಡಿ, ಅದರ ಮೇಲೆ ಹೆಸರೇ ಇಲ್ಲ. ‘300 ಎ’ (ಅಂದರೆ 300 ಆಂಪ್ಸ್) ಅಂತ ಅಚ್ಚು ಮಾತ್ರ ಇದೆ.

ಮಷಿನ್ ಡಬ್ಬದಲ್ಲಿ ಬಂದದ್ದು ಸ್ಪ್ರಿಂಗಿನದು. ತೆಳು ತಗಡು, ಮೇಲೆ ತಾಮ್ರದ ಬಣ್ಣ. ಬಟ್ಟೆ ಒಣಹಾಕುವ ಕ್ಲಿಪ್ಪಿನ ಅಣ್ಣ ಅನ್ನಬಹುದು. ನಮ್ಮ ಮನೆ ಕೋಡಿಬಾಗದ ಕಡೆ. ಕಾಳಿ ನದಿ ಸಮುದ್ರ ಸೇರುವ ಜಾಗ ಹತ್ತಿರವೇ ಇದೆ, ಗಾಳಿಯಲ್ಲೇ ಉಪ್ಪು. ಒಂದು ಮಳೆಗಾಲ ಕಳೆಯುವುದರೊಳಗೆ ಸ್ಪ್ರಿಂಗ್ ತುಕ್ಕು ಹಿಡಿದು ಸೊರಗಿತು. ಎರಡು ದವಡೆಗಳ ನಡುವಿನ ತಾಮ್ರದ ಪಟ್ಟಿ ಹಸಿರುಗಟ್ಟಿತು. ಹಲ್ಲುಗಳ ತುದಿಯಲ್ಲಿ ಸಾಸಿವೆಕಾಳಿಗಿಂತ ಸಣ್ಣ ಕಪ್ಪು ಗುಳಿಗಳು. ಅಲ್ಲಿ ಹಿಡಿತ ಸಾಲದೆ ಕಿಡಿ ಹಾರಿದೆ ಅಂತ ಲೆಕ್ಕ. ರಾಡಿನ ತುದಿಯಲ್ಲಿ ಆಗಬೇಕಾದ ಕೆಲಸ ಕ್ಲ್ಯಾಂಪಿನ ಬಾಯಲ್ಲಿ ಆಗುತ್ತಿತ್ತು.

ಇದರಿಂದ ಏನಾಗುತ್ತೆ? 100 ಆಂಪ್ಸ್ ಹರಿಯುವಾಗ ಕ್ಲ್ಯಾಂಪ್ ಕೂತ ಜಾಗದಲ್ಲಿ 0.02 ಓಮ್ ತಡೆ ಇದ್ದರೂ ಸಾಕು, ಅಲ್ಲೇ 2 ವೋಲ್ಟ್ ಹೋಯಿತು, 200 ವ್ಯಾಟ್ ಬಿಸಿಯಾಗಿ ಹೋಯಿತು. ಆರ್ಕ್, ಅಂದರೆ ರಾಡಿಗೂ ಕಬ್ಬಿಣಕ್ಕೂ ನಡುವೆ ಉರಿಯುವ ಕಿಡಿ, ನಡೆಯುವುದೇ ಇಪ್ಪತ್ತು ಇಪ್ಪತ್ತೈದು ವೋಲ್ಟಿನಲ್ಲಿ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಈ ತಡೆ ಒಂದೇ ಸಮ ಇರುವುದಿಲ್ಲ. ರಾಡು ಅಂಟುತ್ತೆ, ಆರ್ಕ್ ಕೆಮ್ಮಿ ಆರಿಹೋಗುತ್ತೆ. ಆಗ ಎಲ್ಲರೂ ಮಾಡುವುದು ಆಂಪ್ಸ್ ಏರಿಸುವುದು. ಅಷ್ಟರಲ್ಲಿ ಕೇಬಲ್ ಎಲ್ಲೋ ಸ್ವಲ್ಪ ಅಲುಗಾಡಿ ಕ್ಲ್ಯಾಂಪ್ ಸರಿಯಾಗಿ ಕೂತರೆ ಏರಿಸಿದ ಅಷ್ಟೂ ಕರೆಂಟು ಒಮ್ಮೆಲೇ ಬಂದು 16 ಗೇಜಿನ ಸ್ಕ್ವೇರ್ ಪೈಪಿಗೆ ತೂತು ಬೀಳುತ್ತೆ. ಬೈಗುಳ ಮಾತ್ರ ರಾಡಿಗೆ, ಕೆಇಬಿ ವೋಲ್ಟೇಜಿಗೆ.

ಹಿತ್ತಾಳೆ ಕ್ಲ್ಯಾಂಪ್ ಬಂದ ಮೇಲೆ 2.5 ಎಂಎಂ ದಪ್ಪದ, 6013 ಅನ್ನುವ ನಮೂನೆಯ ರಾಡು ಅದೇ ಪೈಪಿನ ಮೇಲೆ 65 ಆಂಪ್ಸಿನಲ್ಲೇ ಸಲೀಸಾಗಿ ಹತ್ತಿಕೊಳ್ಳುತ್ತದೆ. ಮೊದಲು 80ರ ಮೇಲೆ ಇಟ್ಟರೂ ತಗಾದೆ. ಮಷಿನ್ ಅದೇ, ಕೈಯೂ ಅದೇ.

ಕೊಳ್ಳುವಾಗ ಜೇಬಿನಲ್ಲಿ ಒಂದು ಚಿಕ್ಕ ಮ್ಯಾಗ್ನೆಟ್ ಇರಲಿ. ಹಿತ್ತಾಳೆ ಬಣ್ಣ ಬಳಿದ ಕಬ್ಬಿಣದ್ದೂ ಮಾರಾಟಕ್ಕಿದೆ. ಅಂಗಡಿಯವರು ಮೊದಲು ಕೊಟ್ಟದ್ದಕ್ಕೆ ಮ್ಯಾಗ್ನೆಟ್ ಟಪ್ಪನೆ ಅಂಟಿತು. “ಅದು ಬೇಡ ಸರ್, ಒಳಗಿಂದ ಭಾರದ್ದು ತರ್ತೆ” ಅಂತ ಅವರೇ ಎದ್ದು ಹೋದರು. ಎರಡನೆಯದು ನಿಜವಾಗಿ ಭಾರ, ಕೈಗೆ ಎಣ್ಣೆ ಎಣ್ಣೆ. ಬಾಯಿ ಅಗಲವಾಗಿ ತೆರೆಯುತ್ತದೆ, ಎರಡಿಂಚಿನ ಆಂಗಲ್ ಆರಾಮಾಗಿ ಒಳಗೆ ಹೋಗುತ್ತದೆ. ಕೆಳಗಿನ ಮುಖ ಚಪ್ಪಟೆ, ಅದರ ಮೇಲೆ ಗೀರುಗಳಿವೆ. ಸ್ಕ್ರೂ ಬಿಗಿದಂತೆ ಗೀರುಗಳು ಲೋಹಕ್ಕೆ ಕಚ್ಚುವುದು ಕೈಗೇ ಗೊತ್ತಾಗುತ್ತದೆ. ಹಿತ್ತಾಳೆ ಮೆತ್ತಗಿರುವುದೂ ಇಲ್ಲಿ ಒಳ್ಳೆಯದೇ. ಮುಖ ಕಪ್ಪಾದರೆ ಅರ ಹಾಕಿ ಎರಡು ಸಲ ಎಳೆದರೆ ಮತ್ತೆ ಹೊಳೆಯುತ್ತದೆ.

ಹಾಗಂತ ಪೇಂಟಿನ ಮೇಲೆ ಹಾಕಿದರೆ ಇದೂ ಅಷ್ಟಕ್ಕಷ್ಟೇ. ಬಣ್ಣ, ತುಕ್ಕು, ಹಳೇ ವೆಲ್ಡಿನ ಮೇಲೆ ಗಟ್ಟಿಯಾದ ಸ್ಲ್ಯಾಗ್ ಪದರ, ಯಾವುದರಲ್ಲೂ ಕರೆಂಟು ಸರಿಯಾಗಿ ಹರಿಯುವುದಿಲ್ಲ. ಗ್ರೈಂಡರಿಗೆ ಉಜ್ಜುವ ಫ್ಲ್ಯಾಪ್ ಡಿಸ್ಕ್ ಹಾಕಿ ಎರಡು ಬೆರಳಗಲ ಜಾಗ ಬೆಳ್ಳಗೆ ಮಾಡಿ. ಕ್ಲ್ಯಾಂಪಿನ ಚಪ್ಪಟೆ ಮುಖ ಆ ಜಾಗಕ್ಕೇ ಕೂರಬೇಕು. ಸ್ಕ್ರೂ ತುದಿ ಆ ಕಡೆ ಬಂತೆಂದರೆ ಅರ್ಧ ಲಾಭ ಹೋಯಿತು. ಸತು ಲೇಪಿಸಿದ, ಹೊಳೆಯುವ ಜಿಐ ಪೈಪಾದರೆ ಕ್ಲ್ಯಾಂಪಿಗಾಗಿ ಉಜ್ಜುವುದು ಬೇಡ, ಸತುವಿನಲ್ಲಿ ಕರೆಂಟು ಹರಿಯುತ್ತದೆ. ನಮ್ಮ ಕಡೆ ಅದರ ಮೇಲೆ ಬಿಳಿ ಹಿಟ್ಟು ಕೂರುತ್ತಲ್ಲ, ಅದನ್ನು ಮಾತ್ರ ಬ್ರಷ್ ಹೊಡೆದು ತೆಗೆಯಿರಿ. ವೆಲ್ಡ್ ಮಾಡುವ ಜಾಗದಲ್ಲಿ ಸತು ತೆಗೆಯಲೇಬೇಕು, ಅದರ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ.

ಈ ಕ್ಲ್ಯಾಂಪನ್ನು ಶಿರಸಿಗೂ ಒಯ್ದಿದ್ದೆ. ಭಾವ ತೋಟದ ದಣಪೆ ತೆಗೆದು ಪೈಪಿನ ಗೇಟ್ ಹಾಕಿಸಿದ್ದರು, ಅದರ ಒಂದು ಅಡ್ಡಪಟ್ಟಿ ಬಿಟ್ಟುಕೊಂಡಿತ್ತು. ಅವರು ಹೋಗಿ ಕ್ಲ್ಯಾಂಪನ್ನು ಕಂಬಕ್ಕೆ ಸಿಕ್ಕಿಸಿದರು. ರಾಡು ಹತ್ತಲಿಲ್ಲ. “ಆಂಪ್ಸ್ ಸ್ವಲ್ಪ ಜಾಸ್ತಿ ಇಡು ಮಾರಾಯ, ಹತ್ಕೊಳ್ತದೆ” ಅಂದರು. “ಬೇಡ ಭಾವ, ಕರೆಂಟು ಹಿಂಜಸ್ ದಾಟಿ ಬರಬೇಕಲ್ಲ” ಅಂತ ಕ್ಲ್ಯಾಂಪ್ ಬಿಚ್ಚಿ ಗೇಟಿನ ಪಟ್ಟಿಗೇ, ವೆಲ್ಡಿನ ಪಕ್ಕ ಗೇಣು ದೂರದಲ್ಲಿ ಬಿಗಿದೆ. ಹತ್ತಿತು. ಹಿಂಜಸ್ ಮೂಲಕ ಹರಿದರೆ ಪಿನ್ನಿನ ಸುತ್ತ ಕಿಡಿ ಹಾರಿ ಗುಳಿ ಬೀಳುತ್ತೆ, ಆಮೇಲೆ ಗೇಟು ಕಿರುಗುಡುತ್ತೆ. ಬೇರಿಂಗ್ ಇರುವ ಪಂಪು, ಗಾಡಿಗೂ ಇದೇ ಮಾತು. ಮನೆಯ ನೀರಿನ ಪೈಪಿಗೆ, ಪಿಲ್ಲರಿನ ಸರಳಿಗೆ ಕ್ಲ್ಯಾಂಪ್ ಹಾಕಿ ಅಂಗಳದಲ್ಲಿ ವೆಲ್ಡ್ ಮಾಡುವವರನ್ನೂ ನೋಡಿದ್ದೇನೆ. ಆ ಕರೆಂಟು ಯಾವ ದಾರಿ ಹಿಡಿದು ವಾಪಸ್ ಬರುತ್ತದೋ ದೇವರೇ ಬಲ್ಲ. ಪ್ಲಗ್ಗಿನ ಮೂರನೇ ಪಿನ್ನಿನ ಅರ್ಥಿಂಗ್ ಬೇರೆ, ಅದೂ ಸರಿ ಇರಲೇಬೇಕು. ಕ್ಲ್ಯಾಂಪ್ ಎಷ್ಟು ಗಟ್ಟಿ ಬಿಗಿದರೂ ಅದು ಶಾಕ್ ತಪ್ಪಿಸುವುದಿಲ್ಲ.

ಕ್ಲ್ಯಾಂಪಿನ ಬದಲು ಅಂಟಿಸುವ ಮ್ಯಾಗ್ನೆಟ್ ಅರ್ಥಿಂಗ್ ಬಗ್ಗೆಯೂ ಕೆಲವರು ಕೇಳಿದರು. ಅಗಲ ತಗಡಿಗೆ, ಕ್ಲ್ಯಾಂಪ್ ಕೂರದ ಮೂಲೆಗೆ ಪರವಾಗಿಲ್ಲ. ಗ್ರೈಂಡರಿನ ಕಬ್ಬಿಣದ ಪುಡಿಯೆಲ್ಲ ಬಂದು ಮುಖಕ್ಕೆ ಮೆತ್ತಿಕೊಳ್ಳುತ್ತದೆ, ಒರೆಸುವುದೇ ಒಂದು ಕೆಲಸ. ಬಿಸಿ ತಗುಲಿದರೆ ಹಿಡಿತ ಕಮ್ಮಿ. ವೆಲ್ಡಿನ ಹತ್ತಿರ ಇಟ್ಟರೆ ಆರ್ಕ್ ಪಕ್ಕಕ್ಕೆ ಎಳೆಯುತ್ತದೆ. 304 ಸ್ಟೇನ್‌ಲೆಸ್ ಸ್ಟೀಲಿಗೆ ಅಂಟುವುದೂ ಇಲ್ಲ.

ಹಿತ್ತಾಳೆ ಕ್ಲ್ಯಾಂಪಿನ ಮೇಲೆ ನನ್ನ ದೂರು ಎರಡು. ಒಂದು, ಸ್ಕ್ರೂ ಕಬ್ಬಿಣದ್ದು. ಮೈ ಹೊಳೆಯುತ್ತಿರುತ್ತೆ, ಸ್ಕ್ರೂ ಮಾತ್ರ ಕೆಂಪಗೆ ತುಕ್ಕು. ಸ್ಕ್ರೂವಿನ ಸುತ್ತುಗಳ ಮೇಲೆ ಗ್ರೀಸ್ ಹಚ್ಚಿಡುತ್ತೇನೆ, ಕಚ್ಚುವ ಮುಖಕ್ಕೆ ತಾಗದ ಹಾಗೆ. ಇನ್ನೊಂದು, ಜೊತೆಗೆ ಲಗ್, ಅಂದರೆ ಕೇಬಲ್ಲಿನ ತುದಿಗೆ ಒತ್ತಿ ಕೂರಿಸಿ ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆ, ಕೊಡುವುದಿಲ್ಲ. ಕೇಬಲ್ಲಿನ ಎಳೆಗಳನ್ನು ಸುಮ್ನೆ ಬೋಲ್ಟಿಗೆ ಸುತ್ತಿ ಬಿಗಿದರೆ ಕ್ಲ್ಯಾಂಪಿಗೆ ಹಾಕಿದ ದುಡ್ಡು ದಂಡ. ಒಂದು ರಾಡು ಪೂರ್ತಿ ಉರಿಸಿ, ಮಷಿನ್ ಆಫ್ ಮಾಡಿ, ಕೇಬಲ್ಲಿನ ಮೇಲೆ ಹುಷಾರಾಗಿ ಕೈಯಾಡಿಸಿ ನೋಡಿ. ಕ್ಲ್ಯಾಂಪ್, ಲಗ್, ಮಷಿನ್ನಿಗೆ ಸಿಕ್ಕಿಸುವ ಪ್ಲಗ್, ಇವುಗಳಲ್ಲಿ ಯಾವುದು ಜಾಸ್ತಿ ಬಿಸಿಯೋ ಅಲ್ಲೇ ಸಡಿಲ ಇದೆ. ಹಳೇ ಕೇಬಲ್ಲಿನ ತುದಿಯನ್ನು ಚಾಕುವಿನಿಂದ ಕೆರೆದೂ ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯುಮಿನಿಯಂ, ಉಪ್ಪುಗಾಳಿಗೆ ಲಗ್ಗಿನೊಳಗೇ ಹಾಳಾಗುತ್ತದೆ. 16 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ತಗೊಂಡು, ಅದೇ ಅಳತೆಯ ಲಗ್ಗನ್ನು ಅಂಗಡಿಯಲ್ಲೇ ಒತ್ತಿಸಿ ಕ್ರಿಂಪ್ ಮಾಡಿಸಿಕೊಂಡು ಬನ್ನಿ.