ಹೊಸ ಪ್ರಭೇದದ ಹೆಸರು: ಹರಾಜೋ, ನಿಗದಿತ ದೇಣಿಗೆಯೋ, ಮಾರದಿರುವುದೋ?

ಹೊಸ ಪ್ರಾಣಿಪ್ರಭೇದವೊಂದಕ್ಕೆ ಹೆಸರಿಡುವ ಹಕ್ಕಿನಿಂದ ಸಂರಕ್ಷಣೆಗೆ ಹಣ ಕೂಡಿಸಬೇಕೆಂದು ಯೋಚಿಸುವ ಸಂಶೋಧಕರ ಮುಂದೆ ಮೂರು ದಾರಿಗಳಿವೆ: ಹರಾಜು, ನಿಗದಿತ ದೇಣಿಗೆ, ಅಥವಾ ಹೆಸರನ್ನು ಮಾರದೆ ತಾವೇ ಇಡುವುದು.

ಹಣದ ದೃಷ್ಟಿಯಿಂದ ಹರಾಜಿಗೆ ಸಾಟಿಯಿಲ್ಲ. 2005ರಲ್ಲಿ ಬೊಲಿವಿಯಾದ ಮಡಿಡಿ ರಾಷ್ಟ್ರೀಯ ಉದ್ಯಾನದ ಟೀಟಿ ಕೋತಿಯ ಹೆಸರಿಗೆ ಆನ್‌ಲೈನ್ ಜೂಜಿನ ಸಂಸ್ಥೆಯೊಂದು 6,50,000 ಡಾಲರ್ ಕೊಟ್ಟಿತು. ಆ ಹಣ ಉದ್ಯಾನದ ರಕ್ಷಣೆಗೆ ಸಂದಿತು. ಆದರೆ ಇಂಥ ಬೆಲೆ ಬರುವುದು ಕೋತಿ, ಶಾರ್ಕ್‌ಗಳಂಥ ಕಣ್ಸೆಳೆಯುವ ಜೀವಿಗಳಿಗೆ. ಜೀರುಂಡೆಗೋ ಕಪ್ಪೆಗೋ, 1999ರಲ್ಲಿ ಜರ್ಮನಿಯಲ್ಲಿ ಆರಂಭವಾದ ಬಯೋಪ್ಯಾಟ್ ಎಂಬ ಸಂಸ್ಥೆ ಅನುಸರಿಸಿದಂಥ, ದೇಣಿಗೆ ಕೊಟ್ಟವರಿಗೆ ಹೆಸರು ಸೂಚಿಸಲು ಬಿಡುವ ಪದ್ಧತಿಯೇ ಹೆಚ್ಚು ಒಪ್ಪುತ್ತದೆ. ಅದಕ್ಕೆ ಸಿದ್ಧತೆಯೂ ಕಡಿಮೆ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಹೆಸರಿನ ಬಾಳಿಕೆ. ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆ ಮಾರಾಟವನ್ನು ನಿಷೇಧಿಸುವುದಿಲ್ಲ. ಆದರೆ ನಿಯಮಾನುಸಾರ ಪ್ರಕಟವಾದ ಹೆಸರನ್ನು, ಅದು ಮುಂದೆ ಅಪ್ರಿಯವಾಯಿತೆಂಬ ಕಾರಣಕ್ಕೆ ಬದಲಿಸಲು ಅವಕಾಶವನ್ನೂ ಕೊಡುವುದಿಲ್ಲ. 1930ರ ದಶಕದಲ್ಲಿ ಹಿಟ್ಲರನ ಹೆಸರು ಪಡೆದ ಸ್ಲೊವೇನಿಯಾದ ಗುಹೆಯ ಜೀರುಂಡೆ ಇಂದಿಗೂ ಆ ಹೆಸರನ್ನೇ ಹೊತ್ತಿದೆ. ಆದ್ದರಿಂದ ಹರಾಜು ನಡೆಸುವವರು ಅನುಚಿತ ಹೆಸರನ್ನು ನಿರಾಕರಿಸುವ ಹಕ್ಕನ್ನು ಮೊದಲೇ ಬರಹದಲ್ಲಿ ಉಳಿಸಿಕೊಳ್ಳಬೇಕು. ದೇಣಿಗೆಯಲ್ಲಿ ದಾನಿಯೊಡನೆ ನೇರವಾಗಿ ಮಾತನಾಡಿ ನಿರ್ಧರಿಸುವುದು ಸುಲಭ.

ಪ್ರಭೇದವು ನಿಜಕ್ಕೂ ಹೊಸದೇ ಎಂಬ ಬಗ್ಗೆ ಸ್ವಲ್ಪ ಸಂದೇಹವಿದ್ದರೂ ಮಾರದಿರುವುದೇ ಲೇಸು. ಅದಕ್ಕೆ ಹಿಂದೆಯೇ ಹೆಸರಿತ್ತೆಂದು ತಿಳಿದರೆ ಹಳೆಯ ಹೆಸರೇ ನಿಲ್ಲುತ್ತದೆ, ಹಣ ಕೊಟ್ಟವರ ಹೆಸರು ಬರಿಯ ಪರ್ಯಾಯವಾಗುತ್ತದೆ. ಆ ಜೀವಿಯನ್ನು ತಲೆಮಾರುಗಳಿಂದ ಬಲ್ಲ ಸ್ಥಳೀಯರಿದ್ದು, ಅವರ ನುಡಿಯಲ್ಲಿ ಅದಕ್ಕೊಂದು ಹೆಸರಿದ್ದರೆ, ಅದನ್ನೇ ವೈಜ್ಞಾನಿಕ ಹೆಸರಿನಲ್ಲಿ ಉಳಿಸುವ ಮೂರನೆಯ ದಾರಿಯನ್ನೇ ನಾನು ಆರಿಸುತ್ತೇನೆ.