ವಂಶಾವಳಿ ಹುಡುಕುವ ವೆಬ್‌ಸೈಟಿಗೆ ನಾಲ್ಕು ವರ್ಷ ಚಂದಾ ಕಟ್ಟಿದ ಮೇಲೆ: 5ಕ್ಕೆ 3

ದೊಡ್ಡ ಸೈಟು, ಹೆಸರು ಬೇಡ. ನನ್ನ ಗಂಡನ ಕಡೆಯವರು ಟೆಕ್ಸಸ್‌ನ ಕ್ಯಾಸ್ಟ್ರೋವಿಲ್‌ನವರು. 1844ರಲ್ಲಿ ಆನ್ರಿ ಕಾಸ್ಟ್ರೋ ಅನ್ನುವವನು ಫ್ರಾನ್ಸ್-ಜರ್ಮನಿ ಗಡಿಯ ಅಲ್ಸಾಸ್ ಪ್ರದೇಶದಿಂದ ಜನ ಕರೆತಂದು ಕಟ್ಟಿದ ಊರು ಅದು. ಅತ್ತೆಯದು ಒಂದೇ ಪ್ರಶ್ನೆ: ನಾವು ಫ್ರೆಂಚರಾ, ಜರ್ಮನ್ನರಾ?

ಅಮೆರಿಕದ ದಾಖಲೆಗಳಿಗೆ ಸೈಟು ಚೆನ್ನಾಗಿದೆ. ಗಣತಿ, ಮದುವೆ, ಸಮಾಧಿ ಎಲ್ಲ ಒಂದೇ ವಾರದಲ್ಲಿ ಸಿಕ್ಕಿತು. ಆದರೆ ಈ ಮನೆತನದ ಒಬ್ಬನೇ ಮನುಷ್ಯ, 1860ರ ಗಣತಿಯಲ್ಲಿ ಫ್ರಾನ್ಸ್‌ನಲ್ಲಿ ಹುಟ್ಟಿದವನು, 1880ರಲ್ಲಿ ಜರ್ಮನಿಯಲ್ಲಿ ಹುಟ್ಟಿದವನು. ಸೈಟು ಅವನನ್ನು ಇಬ್ಬರು ಮಾಡಿಟ್ಟಿತ್ತು! 1871ರಲ್ಲಿ ಅಲ್ಸಾಸ್ ಜರ್ಮನಿಯ ಪಾಲಾಯಿತು, ಅಷ್ಟೇ ಆದದ್ದು. ನಾನು ಕಾಸರಗೋಡಿನವಳು. ನಮ್ಮಜ್ಜಿ ಮನೆ ಬಿಟ್ಟು ಕದಲದೆ 1956ರಲ್ಲಿ ಮದ್ರಾಸಿನಿಂದ ಕೇರಳಕ್ಕೆ ಬಂದವರು, ಹಾಗಾಗಿ ಬೇಗ ಹೊಳೆಯಿತು.

ಅವನ ಅಪ್ಪನ ಹುಟ್ಟಿದ ವರ್ಷ ಯಾರದೋ ವಂಶವೃಕ್ಷದಲ್ಲಿ 1807 ಅಂತಿತ್ತು, ಸೈಟು ಅದನ್ನೇ ನನಗೂ ತಂದು ಸುರಿಯಿತು. ಎರಡು ವರ್ಷ ಅದರ ಹಿಂದೆ ಸುತ್ತಿದೆ. ಕೊನೆಗೆ ಅಲ್ಸಾಸ್‌ನ ಓ-ರಾಂ ಜಿಲ್ಲೆಯ ಪತ್ರಾಗಾರದ ವೆಬ್‌ಸೈಟಿನಲ್ಲಿ, ಅದೂ ಪುಕ್ಕಟೆಯಾಗಿ, ರಿಜಿಸ್ಟರಿನ ಪುಟವೇ ಸಿಕ್ಕಿತು: ‘7ನೇ ವರ್ಷ, ಫ್ಲೋರೆಯಾಲ್ 12’. ಫ್ರೆಂಚ್ ಕ್ರಾಂತಿಯ ಕ್ಯಾಲೆಂಡರು, ವರ್ಷದ ಎಣಿಕೆ 1792ರಿಂದ! ಆ 7ನ್ನೇ ಯಾರೋ 1807 ಅಂದುಕೊಂಡಿರಬೇಕು. ಲೆಕ್ಕ ಹಾಕಿದರೆ 1799ರ ಮೇ 1.

ಮಗನ ಜನನ ದಾಖಲೆ ಇನ್ನೂ ಚೆಂದ. ಗುಮಾಸ್ತ ಉದ್ದಕ್ಕೂ ಫ್ರೆಂಚಿನಲ್ಲಿ ಬರೆದಿದ್ದಾನೆ, ಮಗುವಿನ ಹೆಸರು ಜಾನ್ ಅಲ್ಲ, ಝಾಂ. ಕೆಳಗೆ ಅಪ್ಪನ ಸಹಿ ಮಾತ್ರ ಹಳೇ ಜರ್ಮನ್ ಕೈಬರಹದಲ್ಲಿ, ಮೊಳೆ ಹೊಡೆದ ಹಾಗೆ ಚೂಪುಚೂಪು. ಮನೆಯಲ್ಲಿ ಆಡುತ್ತಿದ್ದದ್ದು ಇವೆರಡೂ ಅಲ್ಲ, ಅಲ್ಸಾಸ್‌ನದೇ ಆಡುಮಾತು ಅಲ್ಸೇಷಿಯನ್. ಅದರಲ್ಲಿ ಝಾಂ ಅಂದರೆ ಶಾಂಗ್. ‘ಅಯ್ಯೋ, ನಮ್ಮಜ್ಜ ಅವರಪ್ಪನ ಬಗ್ಗೆ ಹೇಳುವಾಗ ಹಾಗೇ ಕರೆಯುತ್ತಿದ್ದರು’ ಅಂದರು ಅತ್ತೆ.

ಹಡಗಿನ ದಾರಿ ವಿಷಯದಲ್ಲಿ ಸೈಟು ಸುಮ್ನೆ ‘ಫ್ರಾನ್ಸ್‌ನಿಂದ’ ಅಂತ ಬಿಟ್ಟಿದೆ. ಆಗ ಅಲ್ಸಾಸ್‌ನಿಂದ ಜಾಸ್ತಿ ಜನ ಹೊರಡುತ್ತಿದ್ದದ್ದು ಲ ಆವ್ರ್ ಬಂದರಿನಿಂದ. ಅಮೆರಿಕದಿಂದ ಅಲ್ಲಿಗೆ ಹತ್ತಿ ತಂದ ಹಡಗುಗಳು ವಾಪಸ್ ಹೋಗುವಾಗ ಈ ಜನರನ್ನು ತುಂಬಿಕೊಳ್ಳುತ್ತಿದ್ದವು. ಟೆಕ್ಸಸ್‌ಗೆ ಹೋಗುವವರು ಗ್ಯಾಲ್ವೆಸ್ಟನ್‌ನಲ್ಲಿ ಇಳಿದು, ಅಲ್ಲಿಂದ ಮುಂದಕ್ಕೆ.

ಹೊಸಬರು ಒಂದು ತಿಂಗಳ ಚಂದಾ ತಗೊಳ್ಳಿ ಸಾಕು. ಹಳ್ಳಿಯ ಹೆಸರು ಸಿಕ್ಕ ದಿನವೇ ರದ್ದು ಮಾಡಿ. ನಾನು ಮರೆತೆ, ಇನ್ನೊಂದು ವರ್ಷದ ದುಡ್ಡು ಕಾರ್ಡಿನಿಂದ ತಾನಾಗಿ ಹೋಯಿತು, ವಾಪಸ್ ಬರಲಿಲ್ಲ.