ಆನ್‌ಲೈನ್ ಅಂಗಡಿಗೆ ಯಾವ ಪೇಮೆಂಟ್ ಗೇಟ್‌ವೇ?

ಇಳಕಲ್ ಸೀರೆಯೋ, ಮಿಡಿ ಉಪ್ಪಿನಕಾಯಿಯೋ, ಸ್ವಂತ ವೆಬ್‌ಸೈಟಿನಲ್ಲಿ ಮಾರಲು ಹೊರಟವರಿಗೆ ಪೇಮೆಂಟ್ ಗೇಟ್‌ವೇ ಬೇಕು, ಅಂದರೆ ಗ್ರಾಹಕರ ಹಣವನ್ನು ಆನ್‌ಲೈನಿನಲ್ಲಿ ಪಡೆದು ನಿಮ್ಮ ಖಾತೆಗೆ ಹಾಕುವ ಕಂಪನಿ. ಮೊದಲು ಕೇಳುವುದು ಅವುಗಳಲ್ಲಿ ಯಾರ ಕಮಿಷನ್ ಕಡಿಮೆ ಅಂತ. ಅದರಲ್ಲಿ ಹೆಚ್ಚು ಹುರುಳಿಲ್ಲ. ರೇಜರ್‌ಪೇ, ಕ್ಯಾಶ್‌ಫ್ರೀ, ಪೇಯು, ಯಾರನ್ನೇ ಹಿಡಿದರೂ ದೇಶದೊಳಗಿನ ಮಾಮೂಲಿ ಕ್ರೆಡಿಟ್ ಕಾರ್ಡಿಗೆ ದರ 2%ರ ಆಸುಪಾಸು, ಅದರ ಮೇಲೆ 18% ಜಿಎಸ್‌ಟಿ. ಸಾವಿರ ರೂಪಾಯಿಯ ಆರ್ಡರಿಗೆ 20 ರೂ. ಕಮಿಷನ್, 3.60 ರೂ. ತೆರಿಗೆ, ಖಾತೆಗೆ ಬೀಳುವುದು 976.40. ಅಮೆಕ್ಸ್, ವಿದೇಶಿ ಕಾರ್ಡುಗಳಿಗೆ ಇನ್ನೂ ಹೆಚ್ಚು. ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ 2020ರಿಂದ ಎಂಡಿಆರ್ (ಪಾವತಿಗೆ ವ್ಯಾಪಾರಿ ತೆರುವ ಕಮಿಷನ್) ಇಲ್ಲ, ಆದರೂ ಪ್ಲಾಟ್‌ಫಾರ್ಮ್ ಶುಲ್ಕ ಅಂತ ಹಾಕುವವರಿದ್ದಾರೆ. ಒಪ್ಪಂದದಲ್ಲಿ ಆ ಸಾಲನ್ನು ಹುಡುಕಿ ಓದಿ.

ನಿಜವಾದ ಪೆಟ್ಟು ಬೀಳುವುದು ಬೇರೆ ಕಡೆ. ತಿಂಗಳ ಬಾಡಿಗೆಗೆ ಆನ್‌ಲೈನ್ ಅಂಗಡಿ ಕಟ್ಟಿಕೊಡುವ ಶಾಪಿಫೈನ ಸ್ವಂತ ಪೇಮೆಂಟ್ ಸೇವೆ ಭಾರತದಲ್ಲಿಲ್ಲ. ಬೇಸಿಕ್ ಪ್ಲಾನಿನಲ್ಲಿ ಹೊರಗಿನ ಗೇಟ್‌ವೇ ಜೋಡಿಸಿದರೆ ಅವರದೇ 2% ಪ್ರತ್ಯೇಕ. ಎರಡೂ ಸೇರಿದರೆ ಉಪ್ಪಿನಕಾಯಿಯ ಲಾಭ ಅಲ್ಲೇ ಕರಗಿತು. ವರ್ಡ್‌ಪ್ರೆಸ್ ಸೈಟಿಗೆ ಅಂಗಡಿ ಜೋಡಿಸುವ ವೂಕಾಮರ್ಸ್‌ನಲ್ಲಿ ಈ ಕಾಟವಿಲ್ಲ.

ಕೆವೈಸಿಗೆ ಪ್ಯಾನ್ ಮತ್ತು ಬ್ಯಾಂಕ್ ಖಾತೆಯಲ್ಲಿ ಒಂದೇ ಹೆಸರಿರಬೇಕು. ಸೈಟಿನಲ್ಲಿ ರೀಫಂಡ್, ಡೆಲಿವರಿ, ಪ್ರೈವಸಿ ನಿಯಮಗಳ ಪುಟಗಳೂ ಸಂಪರ್ಕ ವಿಳಾಸವೂ ಇಲ್ಲದಿದ್ದರೆ ಅರ್ಜಿ ವಾಪಸ್.

ಕೋಡ್ ಬರೆಸುವಾಗ ಎರಡು ಕಡೆ ಎಡವುತ್ತಾರೆ. ರೇಜರ್‌ಪೇಯಲ್ಲಿ ಮೊತ್ತ ಕೊಡಬೇಕಾದ್ದು ಪೈಸೆಯಲ್ಲಿ. 499 ಎಂದು ಬರೆದರೆ ಗ್ರಾಹಕರಿಂದ ಕಟ್ ಆಗುವುದು 4 ರೂಪಾಯಿ 99 ಪೈಸೆ! 49900 ಎಂದೇ ಬರೆಯಬೇಕು. ಇನ್ನೊಂದು ವೆಬ್‌ಹುಕ್. ಗ್ರಾಹಕರು ಒಟಿಪಿ ಹಾಕಿದ ಮೇಲೆ ನೆಟ್‌ವರ್ಕ್ ಹೋಯಿತೋ, ಬ್ರೌಸರ್ ಮುಚ್ಚಿದರೋ, ಅವರ ದುಡ್ಡು ಕಟ್ ಆಗಿರುತ್ತದೆ, ನಿಮ್ಮಲ್ಲಿ ಆರ್ಡರೇ ಇರುವುದಿಲ್ಲ. ಗೇಟ್‌ವೇ ನೇರವಾಗಿ ನಿಮ್ಮ ಸರ್ವರಿಗೆ ತಿಳಿಸುವ ಈ ವ್ಯವಸ್ಥೆ ಇದ್ದರೆ ಆರ್ಡರ್ ತಪ್ಪುವುದಿಲ್ಲ. ಬಂದ ಸಂದೇಶ ಗೇಟ್‌ವೇಯದ್ದೇ ಎಂದು ತೋರಿಸುವ ಸಿಗ್ನೇಚರ್ ಪರೀಕ್ಷಿಸುವುದನ್ನು ಮಾತ್ರ ಬಿಡಬೇಡಿ. ಬ್ಯಾಂಕ್ ಒಪ್ಪಿದ ಪಾವತಿಯನ್ನು ತಾನಾಗಿಯೇ ಖಚಿತಪಡಿಸಿಕೊಳ್ಳುವ ಆಟೋ ಕ್ಯಾಪ್ಚರ್ ಆನ್ ಇದೆಯೇ ನೋಡಿ. ಕ್ಯಾಪ್ಚರ್ ಆಗದೆ ಉಳಿದ ಪೇಮೆಂಟ್ ಕೆಲವು ದಿನಗಳಲ್ಲಿ ಗ್ರಾಹಕರಿಗೇ ಹಿಂತಿರುಗುತ್ತದೆ, ಅಷ್ಟರಲ್ಲಿ ನೀವು ಪಾರ್ಸೆಲ್ ಕಳಿಸಿ ಆಗಿರುತ್ತದೆ. ನಿಜವಾದ ಹಣ ಹೋಗದ ಟೆಸ್ಟ್ ಮೋಡಿನಲ್ಲಿ ಪೇಮೆಂಟ್ ಮಾಡಿ, ಪುಟ ವಾಪಸ್ ಬರುವ ಮೊದಲೇ ಬ್ರೌಸರ್ ಮುಚ್ಚಿ. ಆರ್ಡರ್ ದಾಖಲಾದರೆ ಕೆಲಸ ಸರಿಯಾಗಿದೆ.

ರೀಫಂಡ್ ಮಾಡಿದರೆ ಕಮಿಷನ್ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಸೈಜ್ ಸರಿಯಿಲ್ಲವೆಂದು ಬಟ್ಟೆ ಹಿಂತಿರುಗಿಸುವವರು ಹೆಚ್ಚಿರುವ ವ್ಯಾಪಾರದಲ್ಲಿ ಇದನ್ನು ಬೆಲೆಯಲ್ಲೇ ಸೇರಿಸಬೇಕು.

ದಿನಕ್ಕೆ ನಾಲ್ಕೈದೇ ಆರ್ಡರ್ ಇದ್ದರೆ ಈ ಜೋಡಣೆಯ ಗೊಡವೆಯೇ ಬೇಡ. ಗೇಟ್‌ವೇಯ ಡ್ಯಾಶ್‌ಬೋರ್ಡಿನಿಂದ ಪೇಮೆಂಟ್ ಲಿಂಕ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿ. ಕಾರ್ಡ್ ನಂಬರನ್ನು ಮಾತ್ರ ಚಾಟಿನಲ್ಲಿ ಕೇಳಲೇಬೇಡಿ. 2022ರ ಅಕ್ಟೋಬರ್‌ನಿಂದ ವ್ಯಾಪಾರಿಗಳು ಅದನ್ನು ಇಟ್ಟುಕೊಳ್ಳುವಂತೆಯೇ ಇಲ್ಲ. ಸೈಟಿಗೆ ಜೋಡಿಸಲೇಬೇಕು, ಕೋಡ್ ಬಲ್ಲವರೂ ಜೊತೆಗಿದ್ದಾರೆ ಅಂದರೆ ನಮ್ಮ ಮತ ರೇಜರ್‌ಪೇ ಅಥವಾ ಕ್ಯಾಶ್‌ಫ್ರೀಗೆ.

ಅಮೆರಿಕದ ಕನ್ನಡಿಗರಿಗೆ ಮಾರುವವರ ಲೆಕ್ಕ ಬೇರೆ. ಸ್ಟ್ರೈಪ್ ಎಂಬ ವಿದೇಶಿ ಗೇಟ್‌ವೇ ಭಾರತದಲ್ಲಿ ಆಹ್ವಾನ ಸಿಕ್ಕವರಿಗಷ್ಟೇ. ಪೇಪಾಲ್ 2021ರ ಏಪ್ರಿಲ್‌ನಿಂದ ದೇಶದೊಳಗಿನ ಪಾವತಿ ನಿಲ್ಲಿಸಿದೆ, ಹೊರದೇಶದ ಹಣಕ್ಕೆ ಈಗಲೂ ಬಳಸಬಹುದು. ಅಲ್ಲಿನ ಕಾರ್ಡುಗಳು ಬಹುಪಾಲು ಒಟಿಪಿ ಇಲ್ಲದೆಯೇ ನಡೆಯುವುದರಿಂದ, ‘ಈ ಖರೀದಿ ನಾನು ಮಾಡಿಲ್ಲ’ ಎಂದು ಗ್ರಾಹಕರು ತಮ್ಮ ಬ್ಯಾಂಕಿನ ಮೂಲಕ ಹಣ ವಾಪಸ್ ಕೇಳುವ ಚಾರ್ಜ್‌ಬ್ಯಾಕ್ ಬಂದರೆ ನಷ್ಟ ಸಾಮಾನ್ಯವಾಗಿ ಮಾರಿದವರದೇ. ಕೊರಿಯರ್ ಟ್ರ್ಯಾಕಿಂಗ್ ನಂಬರ್, ಡೆಲಿವರಿ ಸಹಿ, ಇನ್‌ವಾಯ್ಸ್ ಮೂರನ್ನೂ ಆರ್ಡರ್ ನಂಬರಿನ ಹೆಸರಲ್ಲೇ ಒಂದು ಫೋಲ್ಡರಿನಲ್ಲಿ ಇಡಿ. ಉತ್ತರಿಸಲು ಸಿಗುವುದು ಕೆಲವೇ ದಿನ.